ಸಹಾಯಧನವೋ, ಸಂಚಕಾರವೋ?

ಪುರ್ತಗೇರಿಯ ಹೊಳೆವ್ವನ ಹೊಲಕ್ಕೆ ಕಾಲು ಬಂದಿದ್ದವು. ದೊಡ್ಡ ಮಳೆ ಹೊಯ್ದಾಗಲೆಲ್ಲ ಅದರ ಕೆಂಪು ಮಣ್ಣು ಇಳಿಜಾರಿನಗುಂಟ ಓಡಿ ಹಳ್ಳ ಸೇರುತ್ತಿತ್ತು. ಹಳ್ಳ ಅದನ್ನು ಯಾವ ಊರಿಗೆ ಕರೆದೊಯ್ಯುತ್ತಿತ್ತೋ, ಕಂಡವರಿಲ್ಲ. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಆ ನಾಲ್ಕು ಎಕರೆ. ಮೇಲ್ತುದಿಯಲ್ಲಿ ಆಗಲೇ ಬರಿಗಲ್ಲು ಹಲ್ಲು ಕಿಸಿಯುತ್ತಿತ್ತು.

ಐವತ್ತೈದನೆಯ ಇಸವಿ. ಮುಂಗಾರಿಗೆ ಇನ್ನೂ ತಿಂಗಳಿರುವಾಗ ಗ್ರಾಮಸೇವಕ ಗವಿಸಿದ್ದಪ್ಪ ಕಾಗದ ಹಿಡಿದು ಹೊಲಕ್ಕೇ ಬಂದ.

“ಒಡ್ಡು ಹಾಕಸ್ರಿ ಎವ್ವಾ, ಮಣ್ಣು ನಿಲ್ತೈತಿ. ರೂಪಾಯಿ ಖರ್ಚಿಗೆ ನಾಲ್ಕಾಣೆ ಸರಕಾರದ ಸಹಾಯಧನ. ತಿರುಗಿ ಕೊಡೂದು ಬ್ಯಾಡ. ಇಬ್ಬರು ಸಾಕ್ಷಿ ಕರೀರಿ, ಇಲ್ಲಿ ಹೆಬ್ಬೆಟ್ಟು ಒತ್ತರಿ.”

ಹೊಳೆವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಹೊಲದ ನಂಬರು, ಇಬ್ಬರು ಸಾಕ್ಷಿ, ಒಂದಿಷ್ಟು ರೊಕ್ಕ! ಹೊಲ ಮಾರುವವರು ಮುಂಗಡ ಹಿಡಿಯುವುದೂ ಹೀಗೆಯೇ. ಆ ಮುಂಗಡಕ್ಕೆ ಸಂಚಕಾರ ಎನ್ನುತ್ತಾರೆ. ಸಂಚಕಾರ ಹಿಡಿದವರ ಹೊಲ ಹೋದಂತೆಯೇ.

“ಇದು ಸಂಚಕಾರ,” ಎಂದಳು. “ನನ್ನ ಹೊಲ ನಾ ಮಾರೂದಿಲ್ಲ. ಹೋಗಿ ಬರ್ರಿ.”

ಪಕ್ಕದ ಹೊಲದ ಮಕ್ತುಮಬಿ ನಕ್ಕಳು. ಅವಳೂ ಗಂಡನೂ ಹೋದ ವರ್ಷವೇ ಒಡ್ಡು ಹಾಕಿಸಿದ್ದರು.

“ಹೊಳೆವಕ್ಕಾ, ನಾವೂ ತಗೊಂಡೇವಿ. ನಮ್ಮ ಹೊಲ ಎಲ್ಲಿ ಹೋಗೇತಿ? ಇಲ್ಲೇ ಬಿದ್ದೇತಿ ನೋಡು.”

“ನಿನಗ ಗಂಡ ಅದಾನ, ಕಚೇರಿ ಅಡ್ಡಾಡ್ತಾನ. ನನಗ ಯಾರದಾರ? ಸುಮ್ಮಸುಮ್ಮನ ಕೊಡಾಕ ಸರಕಾರ ಏನು ನನ್ನ ತವರುಮನಿಯೇನ?”

“ತವರುಮನ್ಯಾಗ ಏನು ಕೊಟ್ಟಾರವಾ ನಿನಗ? ಒಂದು ಕುಬಸ! ಸಂಶಯ ಇದ್ರ ಬಾಯಿಬಿಟ್ಟು ಕೇಳು.”

ಹೊಳೆವ್ವ ಗ್ರಾಮಸೇವಕನತ್ತ ತಿರುಗಿದಳು. “ರೊಕ್ಕ ಈಗ ಕೊಡ್ತೀರೇನು?”

“ಇಲ್ರಿ. ಮೊದಲ ಒಡ್ಡು ಆಗಬೇಕು. ನಾವು ಬಂದು ಅಳೀತೇವಿ. ಆಮ್ಯಾಲ ರೊಕ್ಕ.”

ಹೊಳೆವ್ವನಿಗೆ ಇದು ಹೊಸದು. ಕೊಳ್ಳುವವನು ಮೊದಲು ರೊಕ್ಕ ಕೊಟ್ಟು ಹೊಲ ಹಿಡಿಯುತ್ತಾನೆ. ಕೆಲಸ ಮುಗಿದ ಮೇಲೆ ಸಂಚಕಾರ ಕೊಟ್ಟವನನ್ನು ಅವಳು ಕಂಡಿರಲಿಲ್ಲ. ಆದರೂ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ.

“ಕಾಗದ ಓದಸ್ರಿ. ನೀವಲ್ಲ, ಸಾಬೀರಾ ಓದಲಿ.”

ಸಾಬೀರಾ ಮಕ್ತುಮಬಿಯ ಮಗಳು, ಸಾಲಿಗೆ ಹೋಗುವವಳು, ತಾಯಿಯ ಜೊತೆ ಹೊಲಕ್ಕೆ ಬಂದಿದ್ದಳು. ಬೆರಳಿಟ್ಟು ಓದಿದಳು: “ಹೊಲದ ಮಾಲಕರು, ಹೊಳೆವ್ವ...” ಮಾರಾಟದ ಮಾತು ಎಲ್ಲೂ ಬರಲಿಲ್ಲ. ಒಂದು ಕಡೆ ಮಾತ್ರ ಹುಡುಗಿ ತಡೆದಳು. “ಸಹಾಯಧನ ಎಷ್ಟು ಅನ್ನೂದು ಇಲ್ಲಿ ಖಾಲಿ ಐತಿ.”

“ಅದನ್ನ ಆಮ್ಯಾಲ ಕಚೇರ್ಯಾಗ ತುಂಬ್ತೇವ್ರಿ,” ಎಂದ ಗವಿಸಿದ್ದಪ್ಪ.

“ಹಂಗಾರ ನನ್ನ ಹೆಬ್ಬೆಟ್ಟೂ ಆಮ್ಯಾಲ.”

ಗವಿಸಿದ್ದಪ್ಪನ ಕಿವಿ ಕೆಂಪಾದವು. “ಖರೇ ಐತ್ರಿ ಎವ್ವಾ, ತಪ್ಪು ನಂದು,” ಎಂದ. ಇಳಿಜಾರನ್ನು ಹೆಜ್ಜೆಯಿಂದ ಅಳೆದು ಬಂದು, ಅಲ್ಲೇ ಕುಳಿತು ಅಂದಾಜು ಖರ್ಚು ಕಟ್ಟಿ, ಅದರ ಕಾಲುಭಾಗ ಮೂವತ್ತಾರು ರೂಪಾಯಿ ಎಂದು ಖಾಲಿ ಜಾಗದಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆದ. ಸಾಬೀರಾ ಮತ್ತೊಮ್ಮೆ ಓದಿದಳು. ಆಗಲೇ ಹೊಳೆವ್ವ ಮಸಿಯ ಡಬ್ಬಿ ಹತ್ತಿರ ಎಳೆದುಕೊಂಡದ್ದು.

“ಇದರ ನಕಲು ನನಗೊಂದು ಬೇಕು,” ಎಂದಳು. “ಒಡ್ಡಿನ ಕೆಲಸ ಸೋಮವಾರ ಚಾಲೂ.”

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಗ್ರಾಮಸೇವಕರು ಬಂದರೆ ಬಾಗಿಲು ಹಾಕಬೇಡಿ. ಕೂರಿಸಿ, ಕೇಳಿ. ಕಾಗದವನ್ನು ನಿಮಗೆ ಬೇಕಾದವರಿಂದ ಓದಿಸಿ. ಖಾಲಿ ಜಾಗ ಬಿಟ್ಟ ಕಾಗದಕ್ಕೆ ಯಾರೇ ಹೇಳಿದರೂ ಹೆಬ್ಬೆಟ್ಟು ಒತ್ತಬೇಡಿ. ತುಂಬಿದ ಕಾಗದವಾದರೆ ತಡ ಮಾಡಬೇಡಿ, ಮಳೆಗಾಲ ಹತ್ತಿರವಿದೆ.