ಪಾದರಸ ಹಾಕಿಕೊಂಡ ಅಪ್‌ಡೇಟ್

ಪಾದರಸ ಕೂತ ಸ್ಟೂಲಿಗೆ ಆಯುಷ್ಯ ಕಡಿಮೆ. ಅವನು ಕಾಲು ಅಲ್ಲಾಡಿಸಿದರೆ ಮೊಳೆ ಸಡಿಲವಾಗದ ಪೀಠೋಪಕರಣ ಈ ಭೂಮಂಡಲದಲ್ಲಿ ಇನ್ನೂ ತಯಾರಾಗಿಲ್ಲ. ಆ ಕಾಲಿಗೊಂದು ಬೆಲ್ಟು ಬಿಗಿದು ಗಿರಣಿಗೆ ಜೋಡಿಸಿದ್ದರೆ ಅರ್ಧ ಊರಿಗೆ ಹಿಟ್ಟು ಬೀಸಿ, ಮಿಕ್ಕ ಕಸುವಿನಲ್ಲಿ ಬೀದಿದೀಪ ಉರಿಸಬಹುದಿತ್ತು. ಹುಟ್ಟಿದ ವಾರವೇ ತೊಟ್ಟಿಲು ಯಾರೂ ಮುಟ್ಟದೆ ತಾನಾಗಿ ತೂಗುತ್ತಿತ್ತು ಎಂದು ಅವನ ಅಕ್ಕ ಆಣೆ ಮಾಡಿ ಹೇಳುತ್ತಾಳೆ. ಹೆತ್ತವರು ಇಟ್ಟ ಹೆಸರು ಅವನ ಹಿಂದೆ ಓಡಿ ಓಡಿ ಸುಸ್ತಾಗಿ ದಾರಿಯಲ್ಲೆಲ್ಲೋ ಕೂತುಬಿಟ್ಟಿತು. ಈಗ ಎಲ್ಲರ ಬಾಯಲ್ಲೂ ಪಾದರಸ ಒಂದೇ.

ಅವನ ಕಸುಬು ಲೂಪ್. ವೇದಿಕೆಯ ಮೇಲೆ ಕೂತು ಮೈಕಿಗೆ ಒಂದು ಸಾಲು ಗುನುಗುವುದು, ಕಾಲಡಿಯ ಪೆಡಲ್ ಒತ್ತುವುದು. ಲ್ಯಾಪ್‌ಟಾಪು ಆ ಸಾಲನ್ನು ಗಾಣದೆತ್ತಿನ ಹಾಗೆ ಸುತ್ತಿಸುತ್ತಲೇ ಇರುತ್ತದೆ. ಅದರ ಮೇಲೆ ಇನ್ನೊಂದು ಸಾಲು, ಅದರ ಮೇಲೆ ಚಪ್ಪಾಳೆ, ಅದರ ಮೇಲೆ ತಂತಿಯ ಮೀಟು. ಒಬ್ಬನೇ ಬಂದವನು ನೋಡನೋಡುತ್ತ ದಂಡಾಗಿ ನಿಲ್ಲುತ್ತಿದ್ದ. ಪಕ್ಕದಲ್ಲಿ ಅಕ್ಕ, ಡಿಜೆ. ಅವಳು ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆ ಅಂಟಿಸಿದರೆ ಹೊಲಿಗೆ ಹುಡುಕಲು ಭೂತಗನ್ನಡಿಯೇ ಬೇಕು. ಎರಡು ಲ್ಯಾಪ್‌ಟಾಪಿಗೂ ನಡುವೆ ಒಂದು ವೈರು. ಆ ವೈರಿನಿಂದ ಇಬ್ಬರ ಸಂಗೀತದ ನಡೆಯೂ ಒಂದೇ. ಒಂದು ಓಡಿದರೆ ಇನ್ನೊಂದೂ ಓಡಬೇಕು. ಹಾಲ್‌ನ ಹಿಂಬದಿಯಲ್ಲಿ, ಸದ್ದು ಹದಮಾಡುವ ಮಿಕ್ಸರ್ ಮುಂದೆ ಕೂರುವವನು ಭಾವ, ಅಂದರೆ ಅಕ್ಕನ ಗಂಡ. ಬೆಟ್ಟ ಜರಿದು ಬಿದ್ದರೂ ಮೊದಲು ಚಹಾ ಮುಗಿಸಿ ಆಮೇಲೆ ಏಳುವ ಜಾತಿ.

ಆ ಭಾನುವಾರ ಮಧ್ಯಾಹ್ನ ಡ್ಯಾನ್ಸ್ ಹಾಲ್‌ನಲ್ಲಿ ಸೌಂಡ್ ಚೆಕ್ ನಡೆದಿತ್ತು. ಪಾದರಸ ಮೇಜಿನ ಕೆಳಗೆ ತೂರಿ ವೈರು ಚುಚ್ಚುತ್ತಿದ್ದ. ಎರಡು ಕಾಲು ಮಾತ್ರ ಹೊರಗಿದ್ದವು. ಕಾಲಿಗೆ ಕಿವಿ ಇರುವುದಿಲ್ಲವೆಂದುಕೊಂಡಳೋ ಏನೋ, ಹಾಲ್‌ನ ಯಜಮಾನಿ ಬೀಗದ ಕೈ ಗೊಂಚಲು ಕುಣಿಸುತ್ತ ನೇರ ಅಕ್ಕನ ಹತ್ತಿರ ಬಂದಳು.

"ನೋಡಮ್ಮ, ಈ ಸೀಸನ್ ಪೂರ್ತಿ ಭಾನುವಾರ ನಿನಗೇ ಕೊಡ್ಬೇಕು ಅಂತಿದೀನಿ. ಆದ್ರೆ ಒಂದು ಮಾತು. ಈಗ ಬಂದಿರೋ ಹೊಸ ಸಾಫ್ಟ್‌ವೇರಲ್ಲಿ ಹಾಡಿಂದ ದನಿ ಬೇರೆ, ಡ್ರಮ್ ಬೇರೆ, ತಂತಿ ಬೇರೆ ಬಿಡಿಸಬಹುದಂತಲ್ಲ?"

"ಹೌದು ಮೇಡಂ. ಬಟಾಣಿ ಸುಲಿದ ಹಾಗೆ."

"ಅದನ್ನ ಸುತ್ತಿಸೋದೂ ಅದೇ ಮಾಡುತ್ತಂತೆ?"

"ಮಾಡುತ್ತೆ."

"ಮತ್ತೆ ತಮ್ಮ ಯಾತಕ್ಕೆ? ವೇದಿಕೆ ನೋಡಿದ್ರೆ ಅಂಗೈಯಗಲ. ಇವತ್ತೊಂದು ದಿನ ನೋಡ್ತೀನಿ. ಇದ್ದೂ ಇಲ್ಲದ ಹಾಗಿದ್ರೆ ಮುಂದಿನ ವಾರದಿಂದ ನೀನೊಬ್ಬಳೇ ಬಾ."

ಮೇಜಿನ ಕೆಳಗೆ ಪಾದರಸ ಉಸಿರು ಬಿಗಿಹಿಡಿದ. ಅಕ್ಕ ಈಗ ಹೇಳುತ್ತಾಳೆ. 'ತಮ್ಮ ಇಲ್ಲದೆ ನಾನಿಲ್ಲ' ಎನ್ನುತ್ತಾಳೆ. ಯಜಮಾನಿಯ ಬೀಗದ ಕೈ ಕಿತ್ತು ಕಿಟಕಿಯಾಚೆ ಎಸೆಯುತ್ತಾಳೆ. ಅಕ್ಕ ಏನೂ ಎಸೆಯಲಿಲ್ಲ. ಹೆಡ್‌ಫೋನು ಕಿವಿಗೆ ಏರಿಸಿಕೊಂಡಳು, ಅಷ್ಟೆ.

ಆಮೇಲೆ ಅವನ ಪಾಡು ಬಾಲ ಸುಟ್ಟ ಬೆಕ್ಕಿನದು. ವೇದಿಕೆಯಿಂದ ಬಾಗಿಲಿಗೆ, ಬಾಗಿಲಿನಿಂದ ನಲ್ಲಿಗೆ, ನಲ್ಲಿಯಿಂದ ವೇದಿಕೆಗೆ. ಆ ಓಡಾಟವನ್ನು ಉದ್ದಕ್ಕೆ ಎಳೆದಿದ್ದರೆ ಮೂರು ರಾಜ್ಯದ ಗಡಿ ದಾಟಿ ವಾಪಸು ಬರಬಹುದಿತ್ತು. ಬೇಡ ಅನ್ನಲಿಲ್ಲ, ಸರಿ. ಬೇಕು ಅಂತಲೂ ಅನ್ನಲಿಲ್ಲವಲ್ಲ! ಕೊನೆಗೆ ಲ್ಯಾಪ್‌ಟಾಪು ಎದೆಗವುಚಿಕೊಂಡು ಹಿಂದಿನ ಪಡಸಾಲೆಗೆ ಹೋಗಿ, ಅವರ ಕಸುಬಿನಲ್ಲಿ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಪಾಪ ಮಾಡಿದ. ಕಾರ್ಯಕ್ರಮದ ದಿನವೇ ಸಾಫ್ಟ್‌ವೇರ್ ಅಪ್‌ಡೇಟ್ ಒತ್ತಿದ.

ಅಕ್ಕನ ಸಂವಿಧಾನದಲ್ಲಿ ಇದ್ದದ್ದು ಒಂದೇ ಕಲಮು: "ಕಾರ್ಯಕ್ರಮದ ದಿನ ಸಾಫ್ಟ್‌ವೇರ್ ಮುಟ್ಟಿದವನು ನನ್ನ ತಮ್ಮನಲ್ಲ."

"ಏನೋ ಅದು, ನೀಲಿ ಪಟ್ಟಿ ತೆವಳ್ತಾ ಇದೆ?" ಚಹಾದ ಲೋಟ ಹಿಡಿದು ಬಂದ ಭಾವ ಬಗ್ಗಿ ನೋಡಿದ.

"ಗಡಿಯಾರ ಸರಿ ಮಾಡ್ತಿದೀನಿ ಭಾವ."

"ನಿನ್ನ ಗಡಿಯಾರ ಸರಿಯಾದ ದಿನ ನಾನು ಕೋಳಿ ಹಾಗೆ ಮೊಟ್ಟೆ ಇಡ್ತೀನಿ ಬಿಡು," ಎಂದು ಭಾವ ಹೋದ.

ಹೊಸ ಆವೃತ್ತಿ ಬಾಯಿ ತೆರೆಯಿತು. ಏನೇನಿತ್ತು ಅನ್ನುತ್ತೀರಿ! ಪೆಡಲ್ ಒತ್ತಲು ಮರೆತರೂ ಹಿಂದೆ ನುಡಿಸಿದ್ದನ್ನು ನೆನಪಿಟ್ಟು ಲೂಪ್ ಮಾಡಿಕೊಡುವ ಸೌಲಭ್ಯ. ತಪ್ಪಿದ ಸ್ವರ ತಿದ್ದುವ ಸೌಲಭ್ಯ. ಬಣ್ಣ ಬಣ್ಣದ ಗುಂಡಿಗಳು. ಅವುಗಳ ನಡುವೆ ಪಾದರಸನ ಕಣ್ಣು ಕಚ್ಚಿಕೊಂಡದ್ದು ಒಂದರ ಮೇಲೆ: 'ವಾದಕನನ್ನು ಹಿಂಬಾಲಿಸು.' ಇಷ್ಟು ಕಾಲ ಯಂತ್ರದ ನಡೆಗೆ ವಾದಕ ಹೆಜ್ಜೆ ಹಾಕಬೇಕಿತ್ತು. ಇನ್ನು ವಾದಕನ ನಡೆ ಕೇಳಿಸಿಕೊಂಡು ಯಂತ್ರವೇ ಅವನ ಹಿಂದೆ ಬರುತ್ತದೆ. ಪಾದರಸನಿಗೆ ಎದೆ ಉಬ್ಬಿತು. ಹಿಂಬಾಲಿಸಲು ಜೀವಂತ ಮನುಷ್ಯ ಬೇಕಲ್ಲ? ಸುಲಿದಿಟ್ಟ ಬಟಾಣಿಯನ್ನು ಯಾರು ಹಿಂಬಾಲಿಸುತ್ತಾರೆ? ಇದನ್ನು ತೋರಿಸಿದರೆ ಯಜಮಾನಿಯ ಬಾಯಿಗೆ ಅವಳ ಬೀಗವೇ ಬೀಳುತ್ತದೆ.

'ಯಾವ ಮೈಕ್ ಕೇಳಲಿ?' ಎಂದು ಯಂತ್ರ ಕೇಳಿತು. ಪಾದರಸ ಹಲಗೆಯ ಮೈಕ್ ತೋರಿಸಿದ.

ಹಲಗೆ ಎಂದರೆ ಅವನ ಪಾದದಡಿಯ ಪ್ಲೈವುಡ್ ತುಂಡು. ಕೆಳಗೆ ಒಂದು ಪುಟ್ಟ ಮೈಕ್ ಅಂಟಿಸಿತ್ತು. ಹಿಮ್ಮಡಿಯಿಂದ ಗುದ್ದಿದರೆ ದೊಡ್ಡ ಡ್ರಮ್ಮಿನ ಸದ್ದು. ಅದರ ವೈರು ಕವಲೊಡೆದು ಒಂದು ಮಿಕ್ಸರಿಗೆ, ಒಂದು ಲ್ಯಾಪ್‌ಟಾಪಿಗೆ ಹೋಗುತ್ತಿತ್ತು. ಭಾಮೈದನ ಕಾಲಿನ ಹುಚ್ಚು ಬಲ್ಲ ಭಾವ, ಗುದ್ದು ಮಾತ್ರ ಸ್ಪೀಕರಿಗೆ ಹೋಗಲಿ, ಪುಟಪುಟ ಸದ್ದು ಹೋಗದಿರಲಿ ಎಂದು ಮಿಕ್ಸರಿನಲ್ಲಿ ತಡೆ ಹಾಕಿಟ್ಟಿದ್ದ. ಲ್ಯಾಪ್‌ಟಾಪಿಗೆ ಯಾರೂ ತಡೆ ಹಾಕಿರಲಿಲ್ಲ. ಅಲ್ಲಿಯವರೆಗೆ ಅದರ ಅಗತ್ಯವೂ ಬಿದ್ದಿರಲಿಲ್ಲ.

ನಾಲ್ಕು ಗಂಟೆಗೆ ಬಾಗಿಲು ತೆರೆದರು. ಹಲ್ಲಿನ ಡಾಕ್ಟರ್ ಬಂದ, ಬಸ್ ಡ್ರೈವರ್ ಬಂದ, ಶಾಲೆಯ ಟೀಚರುಗಳು ಗುಂಪುಗಟ್ಟಿ ಬಂದರು. ಬಟ್ಟೆ ಹೊಲಿಯುವ ಅಜ್ಜಿ ತನ್ನ ಮುದುಕನನ್ನು ರಟ್ಟೆ ಹಿಡಿದು ಎಳೆತಂದಳು. ಮೊದಲ ಹಾಡಿನಲ್ಲಿ ಹಾಲ್ ತುಂಬಿದ ಕೊಡದ ಹಾಗೆ ಹದವಾಗಿ ತೂಗಿತು. ಪಾದರಸ ಗುನುಗಿದ, ಸುತ್ತಿಸಿದ, ಗುದ್ದಿದ. ಯಂತ್ರ ಒಳ್ಳೆಯ ನಾಯಿಮರಿಯಂತೆ ಅವನ ಹಿಂದೆಯೇ ಬಂತು. ಅಕ್ಕನ ಹಾಡುಗಳೂ ಅದರ ಹಿಂದೆ. ಅವಳಿಗೆ ಗೊತ್ತೇ ಆಗಲಿಲ್ಲ. ಅವನು ನೀರಿನ ಬಾಟಲಿ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡ.

ಆಗ ಸ್ಪೀಕರಿನಿಂದ ಅವನ ದನಿ ಕೇಳಿಸಿತು.

ಲೂಪ್ ಅಲ್ಲ. ಅವನು ಇವತ್ತು ಹಾಡಿಯೇ ಇರದ ಸಾಲು. ಬಾಯಲ್ಲಿ ನೀರು, ಕಿವಿಯಲ್ಲಿ ತನ್ನದೇ ಹಾಡು! ತಿರುಗಿ ನೋಡಿದರೆ ಅಕ್ಕನ ಪರದೆಯ ಮೇಲೆ ಒಂದು ಹಸಿರು ಪಟ್ಟಿ ಓಡುತ್ತಿತ್ತು. ಹಳೆಯ ರೆಕಾರ್ಡಿಂಗಿನಿಂದ ಸುಲಿದು ತೆಗೆದ, ಡ್ರಮ್ಮಿಲ್ಲದ, ತಂತಿಯಿಲ್ಲದ, ಅವನ ಬರಿಗಂಟಲು. ಅವನಿಲ್ಲದೆ ಅವನು.

ನೀರು ನುಂಗಿ ಬಾಟಲಿ ಕೆಳಗೆ ಕುಕ್ಕಿದ. ಮೈ ಬಿಸಿಯಾಯಿತು. ಕಾಲು ಶುರುವಾಯಿತು.

ಮೊದಲು ಯಾರಿಗೂ ತಿಳಿಯಲಿಲ್ಲ. ಕುಣಿಯುವವರ ಹೆಜ್ಜೆ ಸ್ವಲ್ಪ ಚುರುಕಾಯಿತು, ಮುಖ ಅರಳಿತು. ಆಮೇಲೆ ಇನ್ನಷ್ಟು ಚುರುಕಾಯಿತು. ಟೀಚರುಗಳ ಜಡೆಗಳು ಅಡ್ಡಕ್ಕೆ ಹಾರಿದವು. ಹಲ್ಲಿನ ಡಾಕ್ಟರ ಕನ್ನಡಕ ಮೂಗು ಬಿಟ್ಟು ಹಾರಿ ಯಾರದೋ ಜೇಬಿನಲ್ಲಿ ತಂಗಿತು. ಪಾದರಸ ಬೆವತ. ಅಕ್ಕ ಓಡಿಸುತ್ತಿದ್ದಾಳೆ! ತಾನು ಜೊತೆ ಕೊಡಲಾಗದೆ ಮುಗ್ಗರಿಸಲಿ, ಯಜಮಾನಿ ನೋಡಲಿ ಎಂದೇ ಓಡಿಸುತ್ತಿದ್ದಾಳೆ! ಹಾಗೆಂದುಕೊಂಡಷ್ಟೂ ಕಾಲು ಜೋರು, ಕಾಲು ಜೋರಾದಷ್ಟೂ ಹಾಡು ಜೋರು. ಕೋತಿಗೆ ಹೆಂಡ ಕುಡಿಸಿ, ಮೇಲೆ ಚೇಳು ಕಚ್ಚಿಸಿದ ಹಾಗಾಯಿತು ಹಾಲ್‌ನ ಕಥೆ. ಸಂಗೀತದ ಮುಂದೆ ತಲೆಯ ಮೇಲಿನ ಫ್ಯಾನು ನಿಂತಂತೆ ಕಾಣುತ್ತಿತ್ತು.

"ಬ್ರೇಕ್ ಹಾಕ್ರಪ್ಪೋ!" ಬಸ್ ಡ್ರೈವರ್ ಕಂಬ ತಬ್ಬಿಕೊಂಡು ಕೂಗಿದ.

ಹೆಡ್‌ಫೋನಿನಲ್ಲಿ ಅಕ್ಕನ ದನಿ ಬುಸುಗುಟ್ಟಿತು. "ಲೋ, ಏನಾಗಿದೆ ನಿನಗೆ? ನಿಧಾನ!"

"ನನಗೇನಾಗಿದೆ? ನೀನು ಓಡಿಸ್ತಾ ಇದೀಯ!"

"ನಾನ್ಯಾಕೆ ಓಡಿಸ್ಲಿ? ನನ್ನ ಕೈ ನೋಡು, ಗುಂಡಿ ಮೇಲಿಲ್ಲ!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನನ್ನ ದನಿ ಕದ್ದಿದ್ದೂ ಅಲ್ದೆ..."

ಕಥೆಯಲ್ಲಿ ನಂಬಲಾಗದ ಭಾಗ ಈಗ ಬರುತ್ತದೆ: ಭಾವ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಕುಣಿತದ ನಡುವೆ ಆನೆಯ ಹಾಗೆ ದಾರಿ ಮಾಡಿಕೊಂಡು ಬಂದು, ವೇದಿಕೆ ಹತ್ತಿ, ಪಾದರಸನ ಮೊಣಕಾಲನ್ನು ಎರಡು ಕೈಯಲ್ಲಿ ಅದುಮಿ ಹಿಡಿದ.

ಹಾಡು ಇಳಿಯಿತು.

ಭಾವ ಕೈ ಬಿಟ್ಟ. ಹಾಡು ಏರಿತು. ಹಿಡಿದ. ಇಳಿಯಿತು.

"ಮಾರಾಯ," ಭಾವ ಕಿವಿಯ ಹತ್ತಿರ ಬಗ್ಗಿದ, "ಮೆತ್ತಗಿನ ಸದ್ದು ಸ್ಪೀಕರಿಗೆ ಹೋಗದ ಹಾಗೆ ನಾನು ತಡೆದಿದೀನಿ. ನಿನ್ನ ಪೆಟ್ಟಿಗೆ ಮಾತ್ರ ಅದನ್ನ ಕೇಳಿಸಿಕೊಂಡು ಕುಣೀತಿದೆ. ಏನು ಹಚ್ಚಿದೀಯ ಅದಕ್ಕೆ?"

ಪಾದರಸನ ಮುಖದಲ್ಲಿ ರಕ್ತವಿರಲಿಲ್ಲ. "ಅಪ್‌ಡೇಟ್," ಎಂದ.

ಅಕ್ಕ ಆ ಶಬ್ದ ಕೇಳಿ ಕಣ್ಣು ಮುಚ್ಚಿಕೊಂಡಳು. ಭೂಕಂಪ, ಜ್ವಾಲಾಮುಖಿ ಎರಡೂ ಒಟ್ಟಿಗೆ ಬರಬೇಕಿತ್ತು. ಹಾಲ್ ತುಂಬ ಜನ ಇದ್ದದ್ದಕ್ಕೆ ಮುಂದಕ್ಕೆ ಹೋದವು.

"ಆಫ್ ಮಾಡು."

ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಸಾಲು ಬಂತು: 'ಬದಲಾವಣೆಗೆ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಬೇಕು.' ಮುಚ್ಚಿದರೆ ಎಲ್ಲ ಲೂಪೂ ನಿಲ್ಲುತ್ತದೆ, ಹಾಲ್ ಸ್ಮಶಾನವಾಗುತ್ತದೆ. ಬಾಗಿಲ ಬಳಿ ಯಜಮಾನಿ ಕೈ ಕಟ್ಟಿ ನಿಂತಿದ್ದಳು.

"ಹಾಗಾದ್ರೆ ನಡೆಸು," ಅಕ್ಕ ಹೇಳಿದಳು. ತನ್ನ ಗುಂಡಿಗಳಿಂದ ಕೈ ತೆಗೆದು ಸೊಂಟದ ಮೇಲಿಟ್ಟುಕೊಂಡಳು. "ಕಾಲು ನಿನ್ನದು. ಜನ ಬೀಳದ ಹಾಗೆ ನೋಡಿಕೋ."

ಪಾದರಸ ಹುಟ್ಟಿದಂದಿನಿಂದ ಆ ಕಾಲು ತನ್ನಷ್ಟಕ್ಕೆ ತಾನಿತ್ತು. ಅದಕ್ಕೆ ಯಾರೂ ಏನೂ ಒಪ್ಪಿಸಿರಲಿಲ್ಲ. ಈಗ ಇಡೀ ಹಾಲ್ ಅದರ ಮೇಲೆ ಬಂದು ಕೂತಿತು. ಭಾವ ನಿಧಾನವಾಗಿ ಕೈ ತೆಗೆದ. ಪಾದರಸ ಹಿಮ್ಮಡಿ ಊರಿ ಜನರನ್ನು ನೋಡಿದ. ಇಷ್ಟು ವರ್ಷ ವೇದಿಕೆ ಹತ್ತಿದ್ದರೂ ಅವನು ಪೆಡಲ್ ನೋಡಿದ್ದ, ಪರದೆ ನೋಡಿದ್ದ, ಸಡಿಲವಾದ ವೈರು ನೋಡಿದ್ದ. ಜನರನ್ನು ನೋಡಲು ಪುರುಸೊತ್ತೇ ಆಗಿರಲಿಲ್ಲ. ಟೀಚರುಗಳು ಒಬ್ಬರನ್ನೊಬ್ಬರು ಆತುಕೊಂಡು ಏದುಸಿರು ಬಿಡುತ್ತಿದ್ದರು. ಒಂದು ಮೂಲೆಯಲ್ಲಿ ಬಟ್ಟೆ ಹೊಲಿಯುವ ಅಜ್ಜಿ ಮಾತ್ರ ಲೋಕ ಮುಳುಗಿದರೂ ತನಗೇನು ಎಂಬಂತೆ, ಮುದುಕನ ಹೆಗಲ ಮೇಲೆ ಕೈಯಿಟ್ಟು ತನ್ನ ಪಾಡಿಗೆ ತಾನು ತೂಗುತ್ತಿದ್ದಳು.

ಪಾದರಸ ಅವಳ ಕಾಲಿಗೆ ಕಣ್ಣು ನೆಟ್ಟ. ಅವಳ ಪಾದ ನೆಲ ಮುಟ್ಟಿದಾಗ ಹಿಮ್ಮಡಿ ಒತ್ತಿದ. ಅವಳು ಎತ್ತಿದಾಗ ಎತ್ತಿದ. ತೊಡೆಯೊಳಗೆ ಇರುವೆಗೂಡು ಒಡೆದ ಹಾಗಾಗುತ್ತಿತ್ತು. ಹಲ್ಲು ಕಚ್ಚಿ ತಡೆದ. ಹಾಡು ಇಳಿಯಿತು, ಅಜ್ಜಿಯ ಹೆಜ್ಜೆಗೆ ಬಂದು ಕೂತಿತು. ಒಬ್ಬೊಬ್ಬರಾಗಿ ಜನ ಅದರೊಳಗೆ ಬಂದರು. ಡ್ರೈವರ್ ಕಂಬ ಬಿಟ್ಟ. ಅವರ ಉಸಿರು ಮರಳಿದ್ದು ಕಂಡಾಗ ಪಾದರಸ ಒಂದಿಷ್ಟು ಏರಿಸಿದ. ಯಾರೋ ಎಡವಿದರು, ಇಳಿಸಿದ. ಹೀಗೆ ಏರಿಸುತ್ತ ಇಳಿಸುತ್ತ ಕಡೆಯ ಹಾಡಿನವರೆಗೆ ಹಾಲ್ ಅನ್ನು ಅಂಗೈ ಮೇಲೆ ಹೊತ್ತು ತಂದ. ಚಪ್ಪಾಳೆಗೆ ಗೋಡೆಯ ಸುಣ್ಣ ಉದುರಿತು. ಕೆಲವರು ಅದು ಹಳೇ ಸುಣ್ಣ ಅನ್ನುತ್ತಾರೆ. ಅವರ ಮಾತು ಬೇಡ.

ಜನ ಹೋದ ಮೇಲೆ ಯಜಮಾನಿ ಓಡೋಡಿ ಬಂದಳು. "ತಂಪು ಪಾನೀಯ ಒಂದು ಬಾಟಲಿ ಉಳಿದಿಲ್ಲ ಕಣಮ್ಮ! ಹಾಡನ್ನ ಹಾಗೆ ಓಡಿಸಿದಿರಲ್ಲ, ಅದು ಮುಂದಿನ ವಾರನೂ ಬೇಕು. ಇಬ್ಬರೂ ಬನ್ನಿ." ತಿರುಗಿ ಪಾದರಸನಿಗೆ ಬೆರಳು ತೋರಿಸಿದಳು. "ನೀನು ತಪ್ಪಿಸ್ಬೇಡ."

ಅವನಿಗೆ ಕುಣಿದಾಡಬೇಕೆನಿಸಬೇಕಿತ್ತು. ಅನಿಸಲಿಲ್ಲ. ಯಜಮಾನಿ ಹೋಗುವುದನ್ನೇ ಕಾದು, ವೈರು ಸುತ್ತುತ್ತಿದ್ದ ಅಕ್ಕನ ಎದುರು ನಿಂತ.

"ಅವಳು ಮಧ್ಯಾಹ್ನ ಕೇಳಿದಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ಕೇಳಿಸ್ತಾ?"

"ಕೇಳಿಸ್ತು. ನನ್ನ ದನಿ ನಿನ್ನ ಪೆಟ್ಟಿಗೇಲಿ ಏನು ಮಾಡ್ತಿತ್ತು ಅಕ್ಕ? ನಾನು ನೀರು ಕುಡಿದು ಲೇಟಾದ್ರೆ ಆ ಜಾಗ ತುಂಬೋಕಾ? ಅಥವಾ ನನ್ನ ಬಿಟ್ಟು ಹೋಗೋಕಾ?"

ಅಕ್ಕ ಸುತ್ತಿದ ವೈರನ್ನು ಮೊಣಕೈಯಿಂದ ಬಿಡಿಸಿ ಕೆಳಗಿಟ್ಟಳು. "ಎರಡಕ್ಕೂ."

ಭಾವ ಇನ್ನೊಂದು ಲೋಟ ಚಹಾ ಹುಡುಕುವ ನೆಪದಲ್ಲಿ ಆ ಕಡೆ ಸರಿದ.

"ನಿನ್ನ ಜೊತೆ ವೇದಿಕೆ ಹತ್ತೋದು ಅಂದ್ರೆ ಕುದಿಯೋ ಹಂಡೆ ತಲೆ ಮೇಲೆ ಹೊತ್ಕೊಂಡು ನಡೆದ ಹಾಗೆ ಕಣೋ," ಅಕ್ಕ ಅಂದಳು. "ಅರ್ಧ ಹಾಡಲ್ಲಿ ಎದ್ದು ವೈರು ಸರಿ ಮಾಡೋಕೆ ಹೋಗ್ತೀಯ. ನಿನ್ನ ಸಾಲು ಬಂದಾಗ ನೀನು ಇರಲ್ಲ. ಅದಕ್ಕೇ ದನಿ ಬಿಡಿಸಿ ಇಟ್ಕೊಂಡೆ. ಇಟ್ಕೊಂಡ ಮೇಲೆ ಆಸೆಯಾಯ್ತು. ನಿನ್ನೆ ಮನೇಲಿ ಪೂರ್ತಿ ಕಾರ್ಯಕ್ರಮ ಒಬ್ಬಳೇ ನಡೆಸಿ ನೋಡಿದೆ."

"ಹೇಗಿತ್ತು?"

"ಒಂದು ಕೂದಲು ಆಚೆ ಈಚೆ ಇಲ್ಲ. ಎಷ್ಟು ಸರಿಯಾಗಿ ಬಂತು ಅಂದ್ರೆ, ಅರ್ಧದಲ್ಲೇ ನನಗೆ ಆಕಳಿಕೆ ಬಂತು."

ಪಾದರಸನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದು ಮೊದಲು ಬಂತೆಂದು ಹೇಳುವುದು ಕಷ್ಟ. "ಎಲ್ಲಿ, ಹಾಕು. ಕೇಳ್ತೀನಿ."

ಖಾಲಿ ಹಾಲ್‌ನಲ್ಲಿ ಅವನ ಬರಿಗಂಟಲು ಎದ್ದಿತು. ಅಂಚಿನಲ್ಲಿ ಎಲ್ಲಿಂದಲೋ ಬಸಿದು ಬಂದ ಡ್ರಮ್ಮಿನ ಚೂರು, ಸಾಲಿನ ಕೊನೆಯಲ್ಲಿ ತಗಡು ಕೆರೆದ ಹಾಗೆ ಒಂದು ಗರಗರ. ಅವನು ಮುಖ ಹಿಂಡಿದ.

"ಥೂ! ಇದನ್ನಾ ಜನಕ್ಕೆ ಕೇಳಿಸಿದ್ದು? ಮಾನ ಹೋಯ್ತಲ್ಲೇ ಅಕ್ಕ! ಅಳಿಸಿಹಾಕು."

"ಅಳಿಸಿದ್ರೆ ನೀನು ಎದ್ದು ಹೋದಾಗ ನಾನೇನು ಶಿಳ್ಳೆ ಹೊಡೀಲಾ?"

"ಶಿಳ್ಳೆ ಯಾಕೆ? ಹೊಸದು ಹಾಡಿ ಕೊಡ್ತೀನಿ. ಇಟ್ಕೋ. ಹಾಕೋವಾಗ ಮಾತ್ರ ನನಗೆ ಒಂದು ಸನ್ನೆ ಮಾಡು, ಅಷ್ಟೇ."

"ಈಗಲಾ?"

"ಮತ್ತೆ ಇನ್ನು ಯಾವಾಗ?" ಅವನಾಗಲೇ ಮೈಕಿನ ಸ್ಟ್ಯಾಂಡು ಎಳೆಯುತ್ತಿದ್ದ.

"ಲೋ, ಈಗ ತಾನೇ ಮೈಕಿನ ವೈರೆಲ್ಲ ಸುತ್ತಿ ಚೀಲಕ್ಕೆ ತುಂಬಿದೀನಲ್ಲೋ!" ಬಾಗಿಲಿನಿಂದ ಭಾವ ಬೊಬ್ಬೆ ಹೊಡೆದ.

ಯಾರೂ ಅವನ ಕಡೆ ತಿರುಗಲಿಲ್ಲ. ಅಕ್ಕ ಕಣ್ಣಿನಲ್ಲೇ ಸನ್ನೆ ಮಾಡಿದಳು. ಪಾದರಸ ಉಸಿರು ತುಂಬಿಕೊಂಡ.