ಗೆದ್ದ ಕೇಸಿನ ಗೋಡೆ

ವರ್ತಕರ ಸಭೆಯ ಕಾಗದ ಬಂದ ದಿನ ಅಳಗನಂಬಿ ಸಾರ್ ನನ್ನನ್ನು ತಮ್ಮ ಕೋಣೆಗೆ ಕರೆಸಿ, ಎದುರಿನ ಕುರ್ಚಿ ತೋರಿಸಿ, "ಕೂತ್ಕೋ ಶೆಣ್ಬಗಂ" ಎಂದರು. ಹದಿನೇಳು ವರ್ಷದಲ್ಲಿ ನಾನು ಆ ಕುರ್ಚಿಯಲ್ಲಿ ಕೂತದ್ದು ಅದು ಎರಡನೆಯ ಸಲ. ಮೊದಲನೆಯದು ಕೆಲಸ ಕೇಳಿಕೊಂಡು ಬಂದಾಗ.

ಪಾಳೆಯಂಕೋಟೆಯ ಅಳಗನಂಬಿ ಅಸೋಸಿಯೇಟ್ಸ್‌ನಲ್ಲಿ ಆಗ ಹದಿನಾಲ್ಕು ಜನ ವಕೀಲರಿದ್ದೆವು. ಬಾಗಿಲ ಪಕ್ಕದ ಹಿತ್ತಾಳೆ ಬೋರ್ಡಿನಲ್ಲಿ ಮಾತ್ರ ಐದು ಹೆಸರು. ಐದನೆಯದು ಸಾರ್ ಅಳಿಯ ಇಳಂಗೋನದು. ಅವನು ನನಗಿಂತ ಏಳು ವರ್ಷ ತಡವಾಗಿ ಬಂದವನು. ವಾಯಿದೆ ಕೇಳುವುದು ಹೇಗೆಂದು ಅವನಿಗೆ ಹೇಳಿಕೊಟ್ಟವಳು ನಾನು. ಅವನ ಹೆಸರು ಕೆತ್ತಿಸಿದ ದಿನ ಎಲ್ಲರಿಗೂ ಹಲ್ವಾ ಹಂಚಿದರು. ನಾನೂ ತಿಂದೆ.

"ಈ ವರ್ಷದ ನೀತಿ ಚೆಮ್ಮಲ್ ಬಿರುದು ನಮ್ಮ ಆಫೀಸಿಗೆ. ನಿನ್ನ ಹೆಸರನ್ನೂ ಕಾಣಿಸಿದಾರೆ ನೋಡು" ಎಂದು ಸಾರ್ ಕಾಗದವನ್ನು ನನ್ನ ಕಡೆ ತಿರುಗಿಸಿದರು.

ತೆನ್ಪೊದಿಗೈ ವರ್ತಕರ ಸಭೆ ಪ್ರತಿವರ್ಷ ಒಬ್ಬ ವೈದ್ಯರಿಗೆ, ಒಬ್ಬ ಮೇಷ್ಟರಿಗೆ, ಒಬ್ಬ ವಕೀಲರಿಗೆ ಬಿರುದು ಕೊಡುತ್ತದೆ. ವಕೀಲರದು ನೀತಿ ಚೆಮ್ಮಲ್, ಅಂದರೆ ನ್ಯಾಯದಲ್ಲಿ ಹಿರಿಯರು ಎಂದು. ಕಾಗದದಲ್ಲಿ ಹೀಗಿತ್ತು: 'ಮೇಲಕ್ಕರೈ ಚಾಪೆ ಹೆಂಗಸರಿಗೆ ಸಂಭಾವನೆ ಪಡೆಯದೆ ನ್ಯಾಯ ದೊರಕಿಸಿಕೊಟ್ಟ ಸೇವೆಗಾಗಿ.' ಕೆಳಗೆ ನನ್ನ ಹೆಸರು.

"ಸಮಾರಂಭ ಆಗಸ್ಟ್ ಹನ್ನೊಂದು, ಭಾನುವಾರ. ಅದಾದಮೇಲೆ ಬೋರ್ಡು ಬದಲಾಯಿಸೋಣ. ಆರನೇ ಹೆಸರಿಗೆ ಜಾಗ ಇದೆಯಲ್ಲ" ಎಂದರು ಸಾರ್.

ಹೊರಗೆ ಬಂದು ಮುಖ ತೊಳೆದುಕೊಂಡೆ.

ಆ ಕೇಸು ನನ್ನ ಪಾಲಿಗೆ ಬಂದದ್ದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ಮೇಲಕ್ಕರೈಯಲ್ಲಿ ಲೆಬ್ಬೆ ಸಾಬರ ನಲವತ್ತು ಮನೆ. ಹೆಂಗಸರೆಲ್ಲ ಕೋರೈ ಹುಲ್ಲಿನ ಚಾಪೆ ನೇಯುವವರು. ಸೀಳಿದ ಹುಲ್ಲನ್ನು ಹರಿಯುವ ನೀರಿನಲ್ಲಿ ವಾರ ನೆನೆಹಾಕಿದರೇ ಅದು ಮಗ್ಗಕ್ಕೆ ಬಗ್ಗುವುದು. ಕಾಲುವೆಗೆ ಹೋಗುವ ಕಾಲುದಾರಿಯನ್ನು ಶಾಲೆ ನಡೆಸುವ ಸುಯಂಬುಲಿಂಗಂ ಎನ್ನುವವರು ಆಟದ ಬಯಲಿಗೆ ಸೇರಿಸಿಕೊಂಡು ಗೋಡೆ ಎಬ್ಬಿಸಿದ್ದರು. ಅಲ್ಲಿಂದ ಮುಂದೆ ಹೆಂಗಸರು ಒದ್ದೆ ಹುಲ್ಲಿನ ಹೊರೆ ಹೊತ್ತು ಲಾರಿ ಓಡಾಡುವ ರಸ್ತೆಯಲ್ಲಿ ಎರಡು ಮೈಲಿ ಸುತ್ತಬೇಕಾಯಿತು. ಕೇಸನ್ನು ಐದು ವರ್ಷ ನಡೆಸಿದೆ. ತಾಲೂಕು ಕಚೇರಿಯಲ್ಲಿ ಗೆದ್ದಲು ಹತ್ತಿದ ಕಟ್ಟುಗಳ ನಡುವೆ ಹಳೆಯ ಸರ್ವೆ ನಕ್ಷೆ ಹುಡುಕಿ ತೆಗೆದೆ. ಅದರಲ್ಲಿ ಆ ದಾರಿ ಚುಕ್ಕೆ ಗೆರೆಯಾಗಿ ಕಾಣಿಸುತ್ತಿತ್ತು. ದಾರಿ ಹೆಂಗಸರದು, ಗೋಡೆ ಕೆಡವಬೇಕು ಎಂದು ತೀರ್ಪಾಯಿತು. ಸುಯಂಬುಲಿಂಗಂ ಅಪೀಲು ಹಾಕಲಿಲ್ಲ. ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಅಮ್ಮ ಅದನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದಳು.

ಕೇಸು ಹಾಕಿದ್ದು ಸೈತೂನ್ ಬೀವಿಯ ಹೆಸರಿನಲ್ಲಿ. ವೇದಿಕೆಗೆ ಆಕೆಯನ್ನು ಕರೆಸಿ ಎರಡು ಮಾತಾಡಿಸಬೇಕೆಂದು ಸಭೆಯವರು ಕೇಳಿದ್ದರು. ಹಾಗಾಗಿ ಜುಲೈ ಇಪ್ಪತ್ತೊಂಬತ್ತರ ಸೋಮವಾರ ನಾನೇ ಆಹ್ವಾನ ಪತ್ರಿಕೆ ಹಿಡಿದು ಮೇಲಕ್ಕರೈಗೆ ಹೋದೆ. ತೀರ್ಪು ಬಂದ ವಾರ ಊಟಕ್ಕೆ ಕರೆದಿದ್ದಾಗ ಹೋಗಿದ್ದೇ ಕೊನೆ.

ಸೈತೂನ್ ಬೀವಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ನನ್ನನ್ನು ಕಂಡು ಎದ್ದು, ಸೆರಗು ತಲೆಗೆಳೆದುಕೊಂಡು, "ವಕೀಲಮ್ಮ, ಬನ್ನಿ ಬನ್ನಿ. ದಾರಿ ತಪ್ಪಿ ಬಂದ್ರಾ?" ಎಂದಳು.

"ದಾರಿ ಅಂದ್ರಲ್ಲ ಅಕ್ಕಾ, ಈಗ ಕಾಲುವೆಗೆ ಹೋಗೋದು ಅನುಕೂಲ ಆಯ್ತಾ?"

"ಯಾವ ಕಡೆಯಿಂದ?"

ನಾನು ತಮಾಷೆ ಎಂದುಕೊಂಡೆ. ಆಕೆ ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ಆಕೆಗೂ ಅನಿಸಿರಬೇಕು. ಚಪ್ಪಲಿ ಮೆಟ್ಟಿಕೊಂಡು, "ಬನ್ನಿ" ಎಂದು ಬೀದಿಯ ಕೊನೆಗೆ ಕರೆದುಕೊಂಡು ಹೋದಳು.

ಗೋಡೆ ಅಲ್ಲೇ ಇತ್ತು. ಹೊಸದಾಗಿ ಹಳದಿ ಬಣ್ಣ ಹೊಡೆಸಿ, ಕಲಿಕೆಯೇ ಕಣ್ಣು ಎಂದು ದೊಡ್ಡದಾಗಿ ಬರೆಸಿದ್ದರು.

"ಆಫೀಸಿಗೆ ಬಂದು ಕೇಳಬೇಕಿತ್ತಲ್ಲ ಅಕ್ಕಾ" ಎಂದೆ.

"ಬಂದಿದ್ವಿ, ಎರಡು ಸಲ. ನೀವು ತೂತ್ತುಕುಡಿ ಕೋರ್ಟಿಗೆ ಹೋಗಿದ್ರಂತೆ. ಗುಮಾಸ್ತರು, ಕಾಗದ ಮೇಲಕ್ಕೆ ಹೋಗಿದೆ, ಬರುತ್ತೆ ಅಂದ್ರು. ಮೇಲೆ ಅಂದ್ರೆ ಎಲ್ಲಿಗೆ ಅಂತ ನನ್ನ ಸೊಸೆ ಆಕಾಶ ನೋಡಿದ್ಲು." ಆಕೆ ನಕ್ಕಳು. "ಕೋರ್ಟೇ ಹೇಳಿದಮೇಲೆ ಕೋರ್ಟೇ ಬಂದು ಒಡೆಯುತ್ತೆ ಅಂತ ನಾವು ಸುಮ್ನಿದ್ವಿ. ಅದಕ್ಕೂ ಟೈಮು ಹಿಡಿಯುತ್ತೆ ಅಲ್ವಾ? ನಮ್ಮಲ್ಲಿ ಈಗ ಹನ್ನೊಂದು ಮಗ್ಗ ಉಳಿದಿದೆ. ಉಳಿದೋರೆಲ್ಲ ನನ್ನ ಹಾಗೆ ಬೀಡಿಗೆ ಕೂತ್ರು."

ಕೋರ್ಟು ತಾನಾಗಿ ಬರುವುದಿಲ್ಲ. ತೀರ್ಪನ್ನು ಜಾರಿ ಮಾಡಿಸಿ ಎಂದು ಗೆದ್ದವರೇ ಮತ್ತೊಂದು ಅರ್ಜಿ ಹಾಕಬೇಕು. ಅಮಲ್ಜಾರಿ ಅರ್ಜಿ ಅನ್ನುತ್ತೇವೆ. ಗೋಡೆ ಕೆಡವಿ ಎಂಬಂಥ ಆದೇಶಕ್ಕೆ ಆ ಅರ್ಜಿ ಹಾಕಲು ಇರುವುದು ಮೂರೇ ವರ್ಷ. ಆಮೇಲೆ ಆ ಆದೇಶ ಬರಿಯ ಕಾಗದ. ತೀರ್ಪಾದ ತಿಂಗಳಲ್ಲೇ ನಾನು ಅರ್ಜಿ ಬರೆದು, ಸೈತೂನ್ ಬೀವಿಯ ಸಹಿ ಹಾಕಿಸಿ, ಸಾರ್ ಮೇಜಿನ ಮೇಲೆ ಇಟ್ಟಿದ್ದೆ. ಅವರು ನೋಡದೆ ಯಾವುದೂ ಕೋರ್ಟಿಗೆ ಹೋಗಬಾರದೆಂಬುದು ಆಫೀಸಿನ ನಿಯಮ. ಮರುವಾರ ನನ್ನನ್ನು ತೂತ್ತುಕುಡಿಯ ಬ್ಯಾಂಕು ಕೇಸುಗಳಿಗೆ ಹಾಕಿದರು. ಹೋಗಿರುತ್ತದೆ ಎಂದುಕೊಂಡೆ. ಕೇಳಲಿಲ್ಲ. ಗೆದ್ದ ಕೇಸಿನ ಬಗ್ಗೆ ಯಾರು ಕೇಳುತ್ತಾರೆ.

ತೀರ್ಪಿನ ತಾರೀಖು ಮೂರು ವರ್ಷದ ಹಿಂದಿನ ಆಗಸ್ಟ್ ಒಂಬತ್ತು. ಗೋಡೆಯ ಮುಂದೆ ನಿಂತೇ ಎಣಿಸಿದೆ. ಹನ್ನೊಂದು ದಿನ ಬಾಕಿ ಇತ್ತು.

"ಆಗುತ್ತೆ ಅಕ್ಕಾ" ಎಂದು ಹೇಳಿ, ಆಹ್ವಾನ ಪತ್ರಿಕೆ ಕೈಗಿತ್ತು, ಚಹಾ ಕುಡಿದು ಬಂದೆ.

ಸಾರ್ ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಅವರು ಅಪೀಲು ಯಾಕೆ ಹಾಕ್ಲಿಲ್ಲ ಅಂತ ಒಂದು ದಿನನಾದ್ರೂ ಯೋಚನೆ ಮಾಡಿದೀಯಾ ಶೆಣ್ಬಗಂ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ಸುಯಂಬುಲಿಂಗಂ ಅಣ್ಣಾಚಿ ತೀರ್ಪಾದ ವಾರವೇ ನನ್ನ ನೋಡೋಕೆ ಬಂದ್ರು. ಆ ಹುಡುಗಿ ಹೀಗೆ ಕೇಸು ನಡೆಸ್ತಾಳೆ ಅಂದ್ರೆ ನನ್ನ ಕೇಸೆಲ್ಲಾ ನಿಮ್ಮ ಆಫೀಸಲ್ಲೇ ಇರ್ಲಿ ಅಂದ್ರು. ನಿನ್ನ ಹೊಗಳಿಯೇ ಅಂದಿದ್ದು. ಮೂರು ಶಾಲೆ, ಒಂದು ಕಾಲೇಜು. ಈಗ ಸಭೆಯ ಸ್ವಾಗತ ಸಮಿತಿ ಅಧ್ಯಕ್ಷರೂ ಅವರೇ. ನಿನ್ನ ಹೆಸರು ಸೂಚಿಸಿದ್ದೂ ಅವರೇ."

"ಅರ್ಜಿ ಎಲ್ಲಿದೆ ಸಾರ್?"

ಅವರು ಮೇಜಿನ ಕೆಳಗಿನ ಡ್ರಾಯರ್ ತೆಗೆದು, ಹುಡುಕದೆ, ಮೇಲೇ ಇದ್ದ ಫೈಲನ್ನು ನನ್ನ ಮುಂದಿಟ್ಟರು.

"ನಾನು ಬೇಡ ಅನ್ನಲ್ಲ. ವಕಾಲತ್ತಿನಲ್ಲಿ ನಿನ್ನ ಹೆಸರಿದೆ, ನೀನೇ ಹಾಕಬಹುದು. ಆದ್ರೆ ಸಮಾರಂಭಕ್ಕೆ ಮುಂಚೆ ಅವರ ಮನೆಗೆ ಕೋರ್ಟಿನ ನೋಟಿಸು ಹೋದ್ರೆ ಹೇಗಿರುತ್ತೆ ಅಂತ ನೀನೇ ನೋಡು. ಸಮಾರಂಭ ಮುಗೀಲಿ, ನಾನೇ ಅಣ್ಣಾಚಿಗೆ ಹೇಳಿ ಒಂದು ಗೇಟು ಇಡಿಸ್ತೀನಿ. ಕೋರ್ಟು ಮಾಡೋಕಾಗದೆ ಇದ್ದಿದ್ದು ಒಂದು ಊಟದಲ್ಲಿ ಆಗುತ್ತೆ." ಆಮೇಲೆ, ನಾನು ಎದ್ದಾಗ, "ಅಂದಹಾಗೆ ಬೋರ್ಡಿನೋನು ಕೇಳ್ತಿದ್ದ. ಇನಿಷಿಯಲ್ ಅಪ್ಪಂದು ಹಾಕಿಸ್ಲಾ, ಗಂಡಂದಾ?" ಎಂದರು.

"ಅಪ್ಪಂದು" ಎಂದೆ.

ಆ ಫೈಲು ಹತ್ತು ದಿನ ನನ್ನ ಚೀಲದಲ್ಲಿತ್ತು. ಆಗಸ್ಟ್ ಒಂಬತ್ತರ ಶುಕ್ರವಾರ ಅದೇ ಮುನ್ಸೀಫ್ ಕೋರ್ಟಿನಲ್ಲಿ ನನಗೆ ಬೇರೆ ಕೆಲಸವಿತ್ತು. ಹನ್ನೆರಡೂವರೆಗೆ ಮುಗಿಯಿತು. ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಮುಂದೆ ಇಬ್ಬರೇ ನಿಂತಿದ್ದರು. ನಾನು ಮೂರನೆಯವಳಾಗಿ ನಿಂತೆ. ನನ್ನ ಸರದಿ ಬಂದಾಗ ಕಿಟಕಿಯ ಹಿಂದಿನ ಮುತ್ತುಕುಟ್ಟಿ, "ಏನ್ ಮೇಡಂ, ಭಾನುವಾರ ನಿಮಗೆ ಶಾಲು ಹೊದಿಸ್ತಾರಂತೆ, ನಮಗೆಲ್ಲ ಊಟ ಇದೆಯಾ?" ಎಂದು ಕೇಳಿದ. ಇದೆ, ಬನ್ನಿ ಎಂದೆ. ಚೀಲದ ಜಿಪ್ಪು ಎಳೆದೆ. ಆಹ್ವಾನ ಪತ್ರಿಕೆಯೊಂದನ್ನು ತೆಗೆದು ಅವನ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದೆ.

ನನಗೆ ಹೆದರಿಕೆಯಾಗಿತ್ತು ಎಂದು ಹೇಳಬಹುದು. ಸಾರ್ ಒತ್ತಾಯ ಎಂದೂ ಹೇಳಬಹುದು. ಎರಡೂ ಸುಳ್ಳು. ನನಗೆ ಬೋರ್ಡಿನ ಮೇಲೆ ನನ್ನ ಹೆಸರು ಬೇಕಾಗಿತ್ತು. ಸಂಜೆ ಐದಕ್ಕೆ ಆ ಕಿಟಕಿ ಮುಚ್ಚುವವರೆಗೂ ನಾನು ಕೋರ್ಟಿನ ಆವರಣದಲ್ಲೇ ಇದ್ದೆ. ಬೇವಿನ ಮರದ ಕೆಳಗೆ ಕೂತು ಎರಡು ಸಲ ಕಾಫಿ ಕುಡಿದೆ.

ಸಮಾರಂಭ ಚೆನ್ನಾಗಿ ನಡೆಯಿತು. ಸೈತೂನ್ ಬೀವಿ ಸೊಸೆಯನ್ನೂ ಇನ್ನೂ ಮೂವರು ಹೆಂಗಸರನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೇ ಬಂದಿದ್ದಳು. ಕಂಕುಳಲ್ಲಿ ಸುತ್ತಿದ ಚಾಪೆ. ರೇಷ್ಮೆಯ ಹಾಗೆ ಮಡಚಬಹುದಾದ ನಯದ ಚಾಪೆ, ಅಂಚಿನಲ್ಲಿ ನನ್ನ ಹೆಸರು ನೇಯ್ದಿದ್ದರು. ವೇದಿಕೆಯಲ್ಲಿ ಸುಯಂಬುಲಿಂಗಂ ನನಗೆ ಶಾಲು ಹೊದಿಸಿದರು. ಆಕೆಗೂ ಕೈಮುಗಿದು, "ಬನ್ನಿ ತಾಯಿ, ಕೇಸಿನಲ್ಲಿ ನನ್ನ ಸೋಲಿಸಿದೋರು ನೀವು" ಎಂದು ಮೈಕಿಗೆ ಕೇಳುವ ಹಾಗೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ದೊಡ್ಡ ಮನಸ್ಸು ಎಂದು ನನ್ನ ಹಿಂದೆ ಯಾರೋ ಅಂದರು.

ಸೈತೂನ್ ಬೀವಿ ಮೈಕಿನ ಮುಂದೆ ನಿಂತು ಒಂದು ಕ್ಷಣ ಅದನ್ನೇ ನೋಡಿದಳು.

"ವಕೀಲಮ್ಮ ಕೇಸು ನಡೆದಷ್ಟು ದಿನ ಒಂದು ಟೀನೂ ನಮ್ಮ ಕಾಸಲ್ಲಿ ಕುಡೀದೆ ನಮಗೆ ದಾರಿ ಗೆದ್ದು ಕೊಟ್ರು. ಅವರ ಹೊಟ್ಟೆ ತಣ್ಣಗಿರ್ಲಿ. ಗೋಡೆ ಒಂದು ಬಾಕಿ ಇದೆ. ಇವತ್ತು ಅಣ್ಣಾಚಿನೂ ಇದ್ದಾರೆ, ದೊಡ್ಡೋರೆಲ್ಲಾ ಇದ್ದೀರಿ. ನಾಳೆ ಸೋಮವಾರ, ಒಳ್ಳೇ ದಿನ. ಒಡೆದುಬಿಡ್ತೀರಾ ಅಣ್ಣಾಚಿ?"

ಸಭೆ ನಕ್ಕಿತು. ಪ್ರೀತಿಯಿಂದಲೇ ನಕ್ಕರು. ನಿರೂಪಣೆ ಮಾಡುತ್ತಿದ್ದ ಕಾಲೇಜು ಮೇಷ್ಟರು ಮೈಕು ತೆಗೆದುಕೊಂಡು, "ಅಮ್ಮನ ಮುಗ್ಧ ಮಾತು ಎಷ್ಟು ಚೆಂದ" ಎಂದು ಹೇಳಿ ಮುಂದಿನ ಹೆಸರು ಕರೆದರು. ಸುಯಂಬುಲಿಂಗಂ ಕೂಡ ನಗುತ್ತಿದ್ದರು. ಆಕೆ ಉತ್ತರಕ್ಕಾಗಿ ಇನ್ನಷ್ಟು ಹೊತ್ತು ನಿಂತಿದ್ದು, ಯಾರೋ ತೋಳು ಹಿಡಿದಾಗ ಕೆಳಗಿಳಿದಳು.

ಊಟದ ಮನೆಯ ಬಾಗಿಲಲ್ಲಿ ನನ್ನನ್ನು ಹಿಡಿದಳು. "ಅವರು ಹೂಂ ಅನ್ಲಿಲ್ಲ. ಹೋಗ್ಲಿ ಬಿಡಿ. ಕೋರ್ಟಿನೋರು ಯಾವಾಗ ಬರ್ತಾರೆ?"

ಇನ್ನೂ ಒಂದು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಬರಲ್ಲ ಅಕ್ಕಾ. ಅರ್ಜಿ ಹಾಕೋ ಗಡುವು ಮುಗೀತು."

"ಯಾವಾಗ?"

"ಮೊನ್ನೆ. ಶುಕ್ರವಾರ."

ಆಕೆ ಬೆರಳು ಮಡಚಿ ಎಣಿಸಿದಳು. "ನೀವು ನಮ್ಮ ಮನೆಗೆ ಬಂದಿದ್ದು ಅದಕ್ಕೂ ಮುಂಚೆ."

"ಹೌದು."

"ಆವತ್ತೇ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಹೇಳಿದ್ರೆ ನಾವು ಬೇರೆ ಯಾರನ್ನಾದ್ರೂ ನೋಡ್ಕೊಳ್ತಿದ್ವಲ್ಲ ವಕೀಲಮ್ಮ." ಆಕೆಯ ದನಿ ಏರಲಿಲ್ಲ. ಸೊಸೆ ಏನೆಂದು ಕೇಳಿದಳು. "ಏನಿಲ್ಲ, ಕೂತ್ಕೋ. ಮಕ್ಕಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಊಟ ಮಾಡ್ಕೊಂಡೇ ಹೋಗೋಣ" ಎಂದು ಒಳಗೆ ಹೋಗಿ ಎಲೆಯ ಮುಂದೆ ಕೂತಳು. ಐವರೂ ಮಕ್ಕಳೂ ಸಾಲಾಗಿ ಕೂತು ಉಂಡರು. ನಾನು ದೂರದಲ್ಲಿ ಶಾಲು ಹೊದ್ದುಕೊಂಡು ಬಂದವರಿಗೆಲ್ಲ ಕೈಮುಗಿಯುತ್ತಿದ್ದೆ.

ಸಾರ್ ಮಾತು ತಪ್ಪಲಿಲ್ಲ. ಬೋರ್ಡಿನಲ್ಲಿ ಆರನೇ ಹೆಸರು ನನ್ನದಾಯಿತು. ಸುಯಂಬುಲಿಂಗಂ ಗೋಡೆಯಲ್ಲೊಂದು ಸಣ್ಣ ಗೇಟು ಇಡಿಸಿದರು. ಶಾಲೆಗೆ ರಜೆಯಿದ್ದಾಗ ಮಾತ್ರ ತೆಗೆಯುತ್ತಾರೆ, ಕಾವಲುಗಾರನಿಗೆ ಬಿಡುವಿದ್ದರೆ.

ಮೂರು ತಿಂಗಳಾದ ಮೇಲೆ ವಕೀಲರ ಶಿಸ್ತು ಸಮಿತಿಯಿಂದ ನನಗೆ ನೋಟಿಸು ಬಂತು. ಸೈತೂನ್ ಬೀವಿ ಯಾರೋ ಹೊಸ ವಕೀಲನನ್ನು ಹಿಡಿದು ದೂರು ಬರೆಸಿದ್ದಳು. ಬರೆದದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಉತ್ತರ ನೀನೇ ಬರಿ, ನಿನ್ನಷ್ಟು ಚೆನ್ನಾಗಿ ಇಲ್ಲಿ ಯಾರೂ ಬರೆಯಲ್ಲ ಎಂದರು ಸಾರ್. ಬರೆದೆ. ಕಕ್ಷಿದಾರರು ಅರ್ಜಿ ಹಾಕಲು ನಮಗೆ ಹೇಳಲೇ ಇಲ್ಲ, ಗೇಟಿಗೆ ಒಪ್ಪಿಕೊಂಡಿದ್ದರು, ಗಡುವು ಮುಗಿದು ಎರಡು ದಿನದ ಮೇಲೂ ಸಾರ್ವಜನಿಕ ಸಭೆಯಲ್ಲಿ ನಮ್ಮನ್ನು ಹೊಗಳಿದ್ದಾರೆ ಎಂದು. ಸಮಾರಂಭದ ವಿಡಿಯೋ ಲಗತ್ತಿಸಿದೆ. ಹೊಟ್ಟೆ ತಣ್ಣಗಿರ್ಲಿ ಅನ್ನುವವರೆಗೆ ಮಾತ್ರ. ನನ್ನ ವಕೀಲಿಕೆಯಲ್ಲೇ ಅಷ್ಟು ಬಿಗಿಯಾದ ಬರವಣಿಗೆ ಇನ್ನೊಂದಿಲ್ಲ.

ವಿಚಾರಣೆ ಚೆನ್ನೈಯಲ್ಲಿ. ಒಂದೇ ದಿನಕ್ಕೆ ಮುಗಿಯಿತು, ದೂರು ವಜಾ ಆಯಿತು. ಹೊರಗಿನ ಬೆಂಚಿನ ಮೇಲೆ ಸೈತೂನ್ ಬೀವಿ ಒಬ್ಬಳೇ ಕೂತಿದ್ದಳು. ತಲೆ ತಗ್ಗಿಸಿ ದಾಟಿಹೋಗುತ್ತಿದ್ದೆ, ಕರೆದಳು.

"ಆವತ್ತು ಮೈಕಲ್ಲಿ ನಾನು ಹೇಳಿದ್ದು ಸುಳ್ಳಲ್ಲ ವಕೀಲಮ್ಮ. ಗೆದ್ದು ಕೊಟ್ಟಿದ್ದು ನೀವೇ. ನನ್ನ ಮಾತನ್ನ ಅರ್ಧಕ್ಕೆ ಕತ್ತರಿಸಿದ್ದೂ ನೀವೇನಾ, ಇಲ್ಲಾ ಆಫೀಸಿನೋರಾ?"

"ನಾನೇ" ಎಂದೆ.

ಆಕೆ ತಲೆಯಾಡಿಸಿ, ಮೆಟ್ಟಿಲಿನ ಕಡೆ ನೋಡುತ್ತ ತನ್ನ ವಕೀಲನಿಗಾಗಿ ಕಾಯತೊಡಗಿದಳು.

ಈಗ ಮೇಲಕ್ಕರೈಯಲ್ಲಿ ಎಷ್ಟು ಮಗ್ಗ ಉಳಿದಿವೆಯೋ ಗೊತ್ತಿಲ್ಲ. ಆ ಕಡೆ ಹೋಗಿಲ್ಲ. ಕೋರ್ಟಿನಲ್ಲಿ ಕಿರಿಯರು ನನ್ನನ್ನು ಚೆಮ್ಮಲ್ ಅಕ್ಕ ಎಂದು ಕರೆಯುತ್ತಾರೆ. ಕೆಲವರು ಗೌರವದಿಂದ, ಕೆಲವರು ಚುಚ್ಚಬೇಕೆಂದೇ. ಸುಯಂಬುಲಿಂಗಂ ಅಣ್ಣಾಚಿಯ ಶಾಲೆಗಳ ಕೇಸುಗಳನ್ನೆಲ್ಲ ಈಗ ನಾನೇ ನೋಡಿಕೊಳ್ಳುತ್ತೇನೆ.