ಹೂವಯ್ಯ ಡಾಕ್ಟರ ಮೀಸೆ

ಡಾಕ್ಟರ್ ಹೂವಯ್ಯನವರ ಮೀಸೆ ಮಳೆಗಾಲದ ಬೆಳೆ. ಜ್ಯೇಷ್ಠದಲ್ಲಿ ಚಿಗುರಿ, ದೀಪಾವಳಿಯ ಹೊತ್ತಿಗೆ ಗಾಂಭೀರ್ಯದಿಂದ ತುಂಬಿಕೊಂಡು, ಕಾಡಿನಲ್ಲಿ ಮಂಗಗಳು ಸತ್ತು ಉರುಳತೊಡಗುವ ಪುಷ್ಯದಲ್ಲಿ ಇದ್ದಕ್ಕಿದ್ದಂತೆ ಮಾಯವಾಗುತ್ತಿತ್ತು. ಹೊಸನಗರದ ಪೇಟೆಯಲ್ಲಿ ಅದಕ್ಕೆ ನಗದವರಿರಲಿಲ್ಲ.

ಪಶುವೈದ್ಯರಾದರೂ ದನಕರುಗಳಿಗಿಂತ ಸತ್ತ ಮಂಗಗಳನ್ನೇ ಅರಸಿ ಸಾಗರ, ತೀರ್ಥಹಳ್ಳಿಯ ಕಾಡಂಚುಗಳಲ್ಲಿ ಅಲೆಯುತ್ತಿದ್ದ ಈ ಮಹಾನುಭಾವರು, ಮಂಗನ ಜ್ವರವು ರಕ್ತ ಹೀರುವ ಹುಳವಾದ ಉಣುಗಿನ ಬೆನ್ನೇರಿ ಮನುಷ್ಯನನ್ನು ತಲುಪುವ ದಾರಿಯನ್ನು ಸಂಶೋಧಿಸುತ್ತಿದ್ದರು. ನೆಲಕ್ಕೆ ಕಣ್ಣು ನೆಟ್ಟು, ತರಗೆಲೆ ಸರಿಸುತ್ತ ನಡೆಯುವ ಚಾಳಿ ಡಾಂಬರು ರಸ್ತೆಯಲ್ಲೂ ಬಿಡುತ್ತಿರಲಿಲ್ಲ. ಮಂಗ 'ಸತ್ತಿತು' ಎಂದು ಅವರೆಂದೂ ಅಂದವರಲ್ಲ. "ನಿಮ್ ಕಡೆ ಯಾರಾದ್ರೂ ತೀರ್ಕೊಂಡ್ರಾ?" ಎಂದೇ ವಿಚಾರಿಸುತ್ತಿದ್ದರು, ಹೊಸಬರು ಹೌಹಾರುತ್ತಿದ್ದರು.

ಮೇಷ್ಟ್ರಾದ ನನಗೆ ರಜೆಯಲ್ಲಿ ಅವರ ಜೀಪು ಹತ್ತುವ ಚಟ. ಎಪ್ಪತ್ತೆಂಟರಲ್ಲಿ ಕಾಡಂಚಿನ ಕೇರಿಯೊಂದರಲ್ಲಿ ಕೆರಿಯಮ್ಮ ಎಂಬ ಹೆಂಗಸಿನ ಅಂಗಳಕ್ಕೆ ಹೋದಾಗ ಸತ್ತ ಮಂಗಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ಕೇರಿಯೇ ಸುತ್ತ ಕೂತಿತ್ತು. ದೇಹ ತಣ್ಣಗಾದೊಡನೆ ಉಣುಗು ಇಳಿದು ಹತ್ತಿರ ಸಿಕ್ಕವರ ಮೈಯೇರುತ್ತದೆ. "ದೂರ ಸರೀರಿ! ಇವ್ರನ್ನ ಈಗ್ಲೇ ಸುಡ್ಬೇಕು!" ಎಂದು ಹೂವಯ್ಯ ಕೂಗಿದರು.

"ಹನುಮಪ್ಪನ್ನ ಅನಾಥನ ಹಂಗೆ ಸುಡಕ್ಕೆ ಬಂದ್ರಾ?" ಕೆರಿಯಮ್ಮ ಎದ್ದು ನಿಂತಳು. "ಕೊಳ್ಳಿ ಇಡಕ್ಕೆ ಮಗ ಬ್ಯಾಡ್ವಾ?"

"ನಾನೇ ಮಗ ಅಂದ್ಕೊಳ್ಳಮ್ಮ."

"ಮಗ ಆದೋನು ಮೀಸೆ ಇಟ್ಕಂಡು ಕೊಳ್ಳಿ ಇಡ್ತಾನಾ?"

ಹೂವಯ್ಯ ದನಗಳ ಕೂದಲು ಹೆರೆಯುವ ಕತ್ತಿ ತೆಗೆದು, ಜೀಪಿನ ಕನ್ನಡಿಯಲ್ಲಿ ನೋಡಿಕೊಂಡು, ನೀರೂ ಹಚ್ಚದೆ ಮೀಸೆ ಬೋಳಿಸಿಕೊಂಡರು. ಕೇರಿ ಹಿಂದೆ ಸರಿಯಿತು. ಪರೀಕ್ಷೆಗೆ ಬೇಕಾದ ಮಂಗನ ಅಂಗದ ಚೂರನ್ನು ಅವರಿಗೆ ಹೇಳಿಯೇ ತೆಗೆದುಕೊಂಡು, ಕೊಳ್ಳಿ ಇಟ್ಟರು. ಆಮೇಲೆ ಪ್ರತಿವರ್ಷ ಎಲ್ಲ ಕೇರಿಯವರೂ ಮೀಸೆ ಬೋಳಿಸಿಯೇ ಕೊಳ್ಳಿ ಇಡಬೇಕೆಂದು ಕೇಳತೊಡಗಿದರು.

ಆದರೆ ಆ ಮಂಗವನ್ನು ಕಾಡಿನಿಂದ ಹೆಗಲ ಮೇಲೆ ಹೊತ್ತು ತಂದವನು ಕೆರಿಯಮ್ಮನ ಒಬ್ಬನೇ ಮಗ ಭೂತಪ್ಪ. ಮುಂದಿನ ವಾರ ಜ್ವರ ಹಿಡಿದು, ತಿಂಗಳು ತುಂಬುವ ಮೊದಲೇ ಹೋಗಿಬಿಟ್ಟ. ಮಾತಾಡಿಸಲು ಹೋದ ಹೂವಯ್ಯನವರು ಬೇಲಿಯ ಹೊರಗೇ ನಿಂತರು. "ಸ್ವಲ್ಪ ಮುಂಚೆ ಬರ್ಬಾರ್ದಿತ್ತಾ ಡಾಕ್ಟ್ರೇ," ಎಂದಳು ಆಕೆ. ಅಯ್ಯೋ, ಆ ಮನುಷ್ಯ ಅಷ್ಟು ಕುಗ್ಗಿದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ.

ಮರುವರ್ಷ ಅದೇ ಕಾಡಂಚಿನಲ್ಲಿ ಮತ್ತೊಂದು ಮಂಗ ಬಿತ್ತೆಂದು ಸುದ್ದಿ ಬಂತು. ಹೋದೆವು. ಹಾರವಿಲ್ಲ, ಗುಂಪಿಲ್ಲ. ದೂರದಲ್ಲಿ, ದಾರಿಗೆ ಅಡ್ಡವಾಗಿ, ಕೋಲು ಹಿಡಿದು ಕೆರಿಯಮ್ಮ ಒಬ್ಬಳೇ ಕೂತಿದ್ದಳು.

"ಯಾರ್ನೂ ಹತ್ರ ಬಿಟ್ಟಿಲ್ಲ," ಎಂದಳು. "ಹೋಗಿ, ನಿಮ್ಮಪ್ಪ ಕಾಯ್ತಾ ಅವ್ನೆ."

ರೋಗದ ಜಾಡು ಹಿಡಿಯುವ ಬುದ್ಧಿವಂತರು ಲೋಕದಲ್ಲಿ ಎಷ್ಟೋ ಮಂದಿ. ಪರರ ಸೂತಕವನ್ನು ತನ್ನದೆಂದು ಆಚರಿಸಿದವನ ಮಾತನ್ನು ಮಾತ್ರ ಮಗನನ್ನು ಕಳೆದುಕೊಂಡ ತಾಯಿಯೂ ನಂಬುತ್ತಾಳೆ.